ಗಾಡಿ ಗೊಂದಲ: ಎಂಜಾಯ್ ಎಂಬ ಚೀನೀ ವ್ಯಾನು

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ಗಾಡಿಯ ಬಗ್ಗೆ ಇವೆ: ಷೆವರ್ಲೆ ಎಂಜಾಯ್. ಕಂಪನಿ ದೇಶ ಬಿಟ್ಟ ಮೇಲೆ ಅದರ ರೇಟು ಬಿದ್ದಿದೆ. ಏಳು ಜನ ಕೂರಬಹುದು, ಹಿಂದಿನ ಚಕ್ರದ ಎಳೆತ, ಡೀಸೆಲ್ ಕೂಡ ಸಿಗುತ್ತದೆ. ತೋಟದವರ ಕಣ್ಣು ಅದರ ಮೇಲೆ ಬೀಳುವುದು ಸಹಜ. ಈ ಕಂತು ಪೂರ್ತಿ ಅದಕ್ಕೇ.

ಪ್ರಶ್ನೆ: 2014ರ ಡೀಸೆಲ್ ಎಂಜಾಯ್ ಒಂದು ಮಾರಾಟಕ್ಕಿದೆ. ಮಾರುವವರು ಅಮೆರಿಕದ ಗಾಡಿ ಎನ್ನುತ್ತಾರೆ, ಮೆಕ್ಯಾನಿಕ್ ಚೀನಾದ್ದು ಎನ್ನುತ್ತಾರೆ. ಯಾರ ಮಾತು ಸರಿ? ಕೊಳ್ಳುವಾಗ ಏನೇನು ನೋಡಬೇಕು?
— ಓದುಗರು, ಹೊಳೆನರಸೀಪುರ

ಉತ್ತರ: ಇಬ್ಬರದೂ ಅರ್ಧ ಸರಿ. ಇಟಲಿಯನ್ನು ಮಾತ್ರ ಇಬ್ಬರೂ ಮರೆತಿದ್ದಾರೆ.

ಗಾಡಿಯ ಮೈ ಚೀನಾದ ಗುವಾಂಗ್ಶಿ ಪ್ರಾಂತ್ಯದ ಲಿಯುಝೌ ಊರಿನದು. ಅಲ್ಲಿ 2002ರಲ್ಲಿ ಚೀನಾದ ಸಾಯಿಕ್, ಷೆವರ್ಲೆಯ ಒಡೆಯ ಅಮೆರಿಕದ ಜನರಲ್ ಮೋಟಾರ್ಸ್ ಮತ್ತು ಅದೇ ಊರಿನ ವೂಲಿಂಗ್ ಸೇರಿ ಕಂಪನಿ ಕಟ್ಟಿದವು. ಆಗ ಪಾಲು ಕ್ರಮವಾಗಿ ಶೇ 50.1, 34, 15.9. ಇವರು ಸನ್‌ಶೈನ್ ಎಂಬ ಡಬ್ಬಿಯಂಥ ಅಗ್ಗದ ವ್ಯಾನಿನಿಂದ ಚೀನಾದ ಹಳ್ಳಿ ಮಾರುಕಟ್ಟೆಯನ್ನೇ ಹಿಡಿದರು. ಆಮೇಲೆ ರೊಂಗ್‌ಗುವಾಂಗ್, 2010ರಲ್ಲಿ ಹೊಂಗ್‌ಗುವಾಂಗ್ ಬಂದವು. ಗುವಾಂಗ್ ಎಂದರೆ ಬೆಳಕು. ಮೂರು ಗಾಡಿಗಳ ಚೀನೀ ಹೆಸರಲ್ಲೂ ಅದಿದೆ. ರೊಂಗ್‌ಗುವಾಂಗ್ ದಕ್ಷಿಣ ಅಮೆರಿಕ ಮತ್ತು ಈಜಿಪ್ಟಿಗೆ ಷೆವರ್ಲೆ ಎನ್300 ಆಗಿ ಹೋಯಿತು. ಹೊಂಗ್‌ಗುವಾಂಗ್ 2013ರ ಮೇ ತಿಂಗಳಲ್ಲಿ ನಮ್ಮಲ್ಲಿ ಷೆವರ್ಲೆ ಎಂಜಾಯ್ ಆಯಿತು. ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತಿತ್ತು. ಇಂಡೊನೇಷ್ಯಾದಲ್ಲಿ 2017ರಿಂದ ವೂಲಿಂಗ್ ಕಾನ್ಫೆರೊ ಎಂದು ಓಡಾಡುವುದು ಕೂಡ ಇದೇ ಕುಟುಂಬದ್ದು. ಇನ್ನು ಹೊಂಗ್‌ಗುವಾಂಗ್ ಮಿನಿ ಇವಿ ಎಂಬ ಪುಟ್ಟ ಎಲೆಕ್ಟ್ರಿಕ್ ಕಾರಿಗೂ ಇದಕ್ಕೂ ಹೆಸರಿನ ನಂಟು ಬಿಟ್ಟರೆ ಬೇರೇನಿಲ್ಲ.

ಡೀಸೆಲ್ ಎಂಜಿನ್ ಮಾತ್ರ ಇಟಲಿಯ ಫಿಯಟ್ ಮಲ್ಟಿಜೆಟ್ ವಂಶದ 1,248 ಸಿಸಿಯದು. ಸ್ವಿಫ್ಟ್ ಡೀಸೆಲ್, ಫಿಯಟ್ ಪುಂಟೊ, ಟಾಟಾ ವಿಸ್ಟಾ ಕ್ವಾಡ್ರಾಜೆಟ್‌ಗಳಲ್ಲಿ ಇದ್ದದ್ದು ಇದೇ. ನಮ್ಮ ಕಡೆಯ ಮೆಕ್ಯಾನಿಕ್‌ಗಳಿಗೆ ಇದು ಕಣ್ಣು ಮುಚ್ಚಿ ಬಿಚ್ಚುವಷ್ಟು ಪರಿಚಿತ. ಎಂಜಾಯ್ ಕೊಳ್ಳಲು ಇರುವ ದೊಡ್ಡ ಕಾರಣವೂ ಅದೇ.

ನೋಡಲು ಹೋಗುವಾಗ ಬೆಳಗ್ಗೆಯೇ ಹೋಗಿ. ಗಾಡಿ ಸ್ಟಾರ್ಟ್ ಮಾಡಿಡಬೇಡಿ ಎಂದು ಮೊದಲೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುತ್ತೇವೆ ಎಂದು ಹೊರಡಿ, ನಾಚಿಕೆ ಬೇಡ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೊದಲ ಎರಡು ಮೂರು ಸೆಕೆಂಡು ಮುಂಭಾಗದಿಂದ ಸರಪಳಿ ಎಳೆದಂತೆ ಗರಗರ ಸದ್ದು ಬಂದರೆ ಟೈಮಿಂಗ್ ಚೈನ್ ಉದ್ದವಾಗಿದೆ ಅಥವಾ ಅದನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಸೋತಿದೆ. ಈ ಟೆನ್ಷನರ್ ಕೆಲಸ ಮಾಡುವುದು ಎಂಜಿನ್ ಆಯಿಲ್ ಒತ್ತಡದ ಮೇಲೆ. ಆಯಿಲ್ ಕಡಿಮೆ ಇದ್ದರೆ, ಹಳತಾಗಿ ತೆಳುವಾಗಿದ್ದರೆ ಚೈನ್ ಸಡಿಲವಾಗೇ ಓಡಿ ಸವೆಯುತ್ತದೆ. ಹಲ್ಲು ಹಾರಿತೋ, ವಾಲ್ವ್ ಪಿಸ್ಟನ್‌ಗೆ ತಾಗಿ ರಾಕರ್‌ಗಳು ಮುರಿಯುತ್ತವೆ. ಚೈನ್ ಇದ್ದರೆ ಬದಲಿಸುವ ಗೋಜಿಲ್ಲ ಎಂಬ ಮಾತು ಆಯಿಲ್ ಸರಿಯಾಗಿ ಬದಲಿಸಿದ ಗಾಡಿಗೆ ಮಾತ್ರ ಒಪ್ಪುತ್ತದೆ.

ಆಮೇಲೆ ಆಯಿಲ್ ಕಡ್ಡಿ ಎಳೆದು ನೋಡಿ. ಡೀಸೆಲ್ ಆಯಿಲ್ ಕಪ್ಪಾಗಿರುವುದು ಸಹಜ. ಆದರೆ ಮಟ್ಟ ಮೇಲಿನ ಗೆರೆ ದಾಟಿ, ಮೂಸಿದಾಗ ಡೀಸೆಲ್ ನಾತ ಬಂದರೆ ಇಂಧನ ಸೋರಿ ಬೆರೆತಿದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ತುಂಬುವ ಮುಚ್ಚಳ ಬಿಚ್ಚಿ. ಕೈಗೆ ಸಣ್ಣ ಉಸಿರು ತಾಗಿದರೆ ಸರಿ, ಪುಸುಪುಸು ಹೊಗೆ ನುಗ್ಗಿದರೆ ಪಿಸ್ಟನ್ ರಿಂಗ್ ಹೋಗಿವೆ. ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಕಪ್ಪು ಹೊಗೆ ಕಾರಿದರೆ ಗಾಬರಿ ಬೇಡ, ಹೆಚ್ಚಿನ ಸಲ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೇ ಮರಳಿಸುವ ಇಜಿಆರ್ ವಾಲ್ವ್‌ನಲ್ಲಿ ಮಸಿ ಕಟ್ಟಿರುತ್ತದೆ. ತೋಟದ ದಾರಿಯಲ್ಲಿ ನಿಧಾನವಾಗಿ ತೆವಳುವ ಗಾಡಿಗಳಲ್ಲಿ ಇದು ಜಾಸ್ತಿ. ಬಿಚ್ಚಿ ತೊಳೆದರೆ ಮುಗಿಯಿತು. ನೀಲಿ ಹೊಗೆ ಬಂದರೆ ಮಾತ್ರ ಟರ್ಬೊ ಅಥವಾ ರಿಂಗ್, ಬಿಟ್ಟುಬಿಡಿ.

ಸುರಕ್ಷತೆಯದೂ ಹೇಳಬೇಕು. ಗಾಡಿಗಳ ಸುರಕ್ಷತೆ ಪರೀಕ್ಷಿಸುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ಏರ್‌ಬ್ಯಾಗ್ ಇಲ್ಲದ ಎಂಜಾಯ್ ಅನ್ನು 64 ಕಿ.ಮೀ. ವೇಗದಲ್ಲಿ ಗುದ್ದಿಸಿ ನೋಡಿದಾಗ ದೊಡ್ಡವರ ರಕ್ಷಣೆಗೆ ಸಿಕ್ಕದ್ದು ಸೊನ್ನೆ ಸ್ಟಾರ್. ಎಬಿಎಸ್, ಏರ್‌ಬ್ಯಾಗ್ ಇರುವ ಮೇಲ್ದರ್ಜೆಯದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟರೂ ಅದನ್ನೇ ತೆಗೆದುಕೊಳ್ಳಿ. ಕೀ ಹಾಕಿದಾಗ ಎರಡರ ಸೂಚನಾ ದೀಪಗಳೂ ಹತ್ತಿ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ ಎಂದೇ ಅರ್ಥ.

ಕಾಗದಪತ್ರದಲ್ಲಿ ಆರ್‌ಸಿ ಮೇಲೆ ಸಾಲದ ನಮೂದು ಇದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಆ ನಮೂದು ತೆಗೆಸುವ ಫಾರಂ 35 ಕೈಗೆ ಬರುವ ತನಕ ಅಡ್ವಾನ್ಸ್ ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30. 2014ರ ವೈಟ್ ಬೋರ್ಡ್ ಗಾಡಿಯ ನೋಂದಣಿ 15 ವರ್ಷಕ್ಕೆ, ಅಂದರೆ 2029ಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ ಐದೈದು ವರ್ಷಕ್ಕೆ ಮುಂದುವರಿಸಬೇಕು. ಚೌಕಾಸಿ ಮಾಡುವಾಗ ಅದು ನೆನಪಿರಲಿ.

ಪ್ರಶ್ನೆ: ಕಂಪನಿಯೇ ಇಲ್ಲದ ಮೇಲೆ ಬಿಡಿಭಾಗ ಎಲ್ಲಿಂದ ತರುವುದು? ಸ್ವಿಫ್ಟ್ ಪಾರ್ಟ್ ಎಲ್ಲವೂ ಹೊಂದುತ್ತವೆಯೇ?
— ಓದುಗರು, ಅರಸೀಕೆರೆ

ಉತ್ತರ: ಎಲ್ಲವೂ ಅಲ್ಲ, ಮೋಸ ಹೋಗುವುದು ಇಲ್ಲೇ. ಸ್ವಿಫ್ಟ್‌ನಲ್ಲಿ ಎಂಜಿನ್ ಅಡ್ಡ ಕೂತಿದೆ, ಮುಂದಿನ ಚಕ್ರ ತಿರುಗಿಸುತ್ತದೆ. ಎಂಜಾಯ್‌ನಲ್ಲಿ ಅದೇ ಎಂಜಿನ್ ಉದ್ದಕ್ಕೆ ಕೂತು ಪ್ರೊಪೆಲ್ಲರ್ ಶಾಫ್ಟ್ ಮೂಲಕ ಹಿಂದಿನ ಚಕ್ರ ತಿರುಗಿಸುತ್ತದೆ. ಆದ್ದರಿಂದ ಎಂಜಿನ್ನಿನ ಹೊಟ್ಟೆಯೊಳಗಿನದು ಹೆಚ್ಚಾಗಿ ಹೊಂದುತ್ತದೆ: ಟೈಮಿಂಗ್ ಚೈನ್ ಕಿಟ್, ಪಿಸ್ಟನ್ ರಿಂಗ್, ಬೇರಿಂಗ್, ರಾಕರ್, ವಾಲ್ವ್. ಎಂಜಿನ್ನಿನ ಹೊರಗೆ ಅಂಟಿಕೊಂಡದ್ದು ಹೊಂದುತ್ತದೆಂದು ನಂಬಬೇಡಿ: ಆಯಿಲ್ ಚೇಂಬರ್, ಮೌಂಟಿಂಗ್, ಹೋಸ್ ಪೈಪು, ಕ್ಲಚ್ ಹೌಸಿಂಗ್, ವೈರಿಂಗ್, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಎಂ. ಇಂಜೆಕ್ಟರ್, ಟರ್ಬೊ ನೋಡಲು ಒಂದೇ ಥರ ಕಂಡರೂ ನಂಬರ್ ಬೇರೆ ಇರಬಹುದು.

ಅಂಗಡಿಯಲ್ಲಿ ಗಾಡಿ ಹೆಸರು ಹೇಳಿ ಪಾರ್ಟ್ ಕೇಳಬೇಡಿ. ಹಳೆಯದನ್ನು ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಮೇಲಿನ ಅಚ್ಚು ನಂಬರ್ ಫೋಟೊ ತೆಗೆದುಕೊಂಡು ಕಳಿಸಿ. ಬೇರಿಂಗ್, ಆಯಿಲ್ ಸೀಲ್‌ಗಳಿಗೆ ಒಳಸುತ್ತು, ಹೊರಸುತ್ತು, ದಪ್ಪ ಮೂರು ಅಳತೆ ಸಾಕು, ಹಾಸನದ ಬೇರಿಂಗ್ ಅಂಗಡಿಯಲ್ಲೇ ಸಿಗುತ್ತವೆ. ಗಾಜು, ಹೆಡ್‌ಲೈಟ್, ಬಂಪರ್, ಡೋರ್ ರಬ್ಬರ್ ಮಾತ್ರ ತಲೆನೋವು. ಅವು ಲಿಯುಝೌ ಅಚ್ಚಿನವು, ಬೇರೆ ಗಾಡಿಯದು ಕೂರುವುದಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬೇಕು. ಅದೇ ಕಾರಣಕ್ಕೆ ಕೊಳ್ಳುವಾಗ ಮೈ ನೆಟ್ಟಗಿರುವ ಗಾಡಿಗೆ, ಎಂಜಿನ್ ಸ್ವಲ್ಪ ದಣಿದಿದ್ದರೂ ಪರವಾಗಿಲ್ಲ, ಹೆಚ್ಚು ಬೆಲೆ ಕೊಡಿ. ಎಂಜಿನ್ ಕಟ್ಟಿಸಬಹುದು, ಮುಂದಿನ ಗಾಜು ಕಟ್ಟಿಸಲಾಗದು.

ಪೆಟ್ರೋಲ್ 1,399 ಸಿಸಿ ಎಂಜಿನ್‌ಗೆ ಸ್ವಿಫ್ಟ್ ನಂಟಿಲ್ಲ, ಅದು ಜನರಲ್ ಮೋಟಾರ್ಸ್‌ನದೇ.

ಪ್ರಶ್ನೆ: ಹಾಲೋಲ್ ಕಾರ್ಖಾನೆ ಈಗ ಎಂ.ಜಿ. ಕಂಪನಿಯದಂತೆ. ಅವರ ಸರ್ವಿಸ್ ಸೆಂಟರಿನಲ್ಲಿ ಎಂಜಾಯ್ ಪಾರ್ಟ್ ಕೇಳಬಹುದೇ?
— ಓದುಗರು, ಚಿಕ್ಕಮಗಳೂರು

ಉತ್ತರ: ಕೇಳಬಹುದು, ನಕ್ಕು ಕಳಿಸುತ್ತಾರೆ. ಕಾರ್ಖಾನೆ ಕೈ ಬದಲಾಯಿತೇ ಹೊರತು ಎಂಜಾಯ್ ಅವರ ಕಡೆ ಹೋಗಲಿಲ್ಲ. ಹೆಸರು ಬದಲಿಸುವ ಆಟ ಮಾತ್ರ ಅಲ್ಲೂ ನಡೆದಿದೆ: 2019ರ ಹೆಕ್ಟರ್ ಚೀನಾದ ಬಾವ್‌ಜುನ್ 530, 2023ರ ಕಾಮೆಟ್ ಎಂದರೆ ವೂಲಿಂಗ್ ಏರ್ ಇವಿ, 2024ರ ವಿಂಡ್ಸರ್ ಎಂದರೆ ವೂಲಿಂಗ್ ಕ್ಲೌಡ್ ಇವಿ. ಎಲ್ಲ ಲಿಯುಝೌ ನೆಂಟರೇ, ಆದರೆ ಒಬ್ಬರ ಬೋಲ್ಟು ಇನ್ನೊಬ್ಬರಿಗೆ ಆಗುವುದಿಲ್ಲ.

ಪ್ರಶ್ನೆ: ಹಿಂದಿನ ಎರಡು ಸಾಲು ಸೀಟು ತೆಗೆದು ಕಾಫಿ ಚೀಲ ಹೇರಬೇಕೆಂದಿದ್ದೇವೆ. ಎಷ್ಟು ಚೀಲ ತಡೆಯುತ್ತದೆ? ಮಳೆಗಾಲದಲ್ಲಿ ತೋಟದ ಏರು ಹತ್ತೀತೇ?
— ಓದುಗರು, ಮೂಡಿಗೆರೆ

ಉತ್ತರ: ಲೆಕ್ಕ ಮೊದಲು. ಗಾಡಿ ಕಟ್ಟಿರುವುದು ಏಳು ಜನಕ್ಕೆ. ತಲಾ 65 ಕೆ.ಜಿ. ಎಂದರೂ 455 ಕೆ.ಜಿ. ಡ್ರೈವರ್ ಒಬ್ಬರ 65 ಕಳೆದರೆ ಉಳಿಯುವುದು 390. ಕಾಫಿ ಚೀಲ 50 ಕೆ.ಜಿ. ಅಂದರೆ ಏಳು ಚೀಲ ನೆಮ್ಮದಿ, ತೆಗೆದಿಟ್ಟ ಸೀಟಿನ ತೂಕ ಸೇರಿಸಿದರೆ ಎಂಟು. ಹತ್ತು, ಹನ್ನೆರಡು ಹೇರಿದರೂ ಗಾಡಿ ಹೊರಡುತ್ತದೆ. ಆದರೆ ಹಿಂದಿನ ಕಾಯಿಲ್ ಸ್ಪ್ರಿಂಗ್ ಕೂತು, ಆಕ್ಸಲ್ ಹಿಡಿದಿರುವ ಆರ್ಮ್‌ಗಳ ಬುಷ್ ಹರಿಯುತ್ತವೆ. ಒಮ್ನಿಯ ಪಟ್ಟೆ ಸ್ಪ್ರಿಂಗ್‌ಗೆ ಹೇರಿದ ಹಾಗೆ ಇದಕ್ಕೆ ಹೇರಲಾಗದು.

ಟೈರು 175/70 ಆರ್14. ಪಕ್ಕದಲ್ಲಿ 84 ಎಂದಿದ್ದರೆ ಒಂದು ಟೈರು ಪೂರ್ತಿ ಗಾಳಿಯಲ್ಲಿ 500 ಕೆ.ಜಿ. ಹೊರುತ್ತದೆ. ಗಾಳಿ ಕಮ್ಮಿ ಇದ್ದರೆ ಆ ಮಾತಿಲ್ಲ. ಡೋರ್ ಕಂಬದ ಸ್ಟಿಕ್ಕರಿನಲ್ಲಿ ಪೂರ್ತಿ ಲೋಡಿಗೆ ಬೇರೆ ಅಂಕಿ ಇರುತ್ತದೆ, ಅದನ್ನು ಹಿಡಿಯಿರಿ. ಚೀಲಗಳನ್ನು ಹಿಂದಿನ ಚಕ್ರದ ಮುಂದೆ ಮತ್ತು ನೇರ ಮೇಲೆ ಅಡ್ಡ ಮಲಗಿಸಿ. ಡಿಕ್ಕಿ ಬಾಗಿಲಿಗೆ ಒತ್ತಿ ಪೇರಿಸಿದರೆ ಮುಂದಿನ ಚಕ್ರ ಹಗುರಾಗಿ, ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ.

ಸೀಟು ಬಿಚ್ಚುವುದರಲ್ಲಿ ಒಂದು ತೊಡಕಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದದ್ದಕ್ಕಿಂತ ಭಿನ್ನವಾಗುವಂತೆ ಗಾಡಿ ಬದಲಿಸುವಂತಿಲ್ಲ. ಮಡಚುವ ಸೀಟು ಮಡಚಿ ನಿಮ್ಮದೇ ತೋಟದ ನಾಲ್ಕು ಚೀಲ ಒಯ್ಯುವುದು ಬೇರೆ. ಸೀಟು ಕಿತ್ತು, ವೈಟ್ ಬೋರ್ಡಿನಲ್ಲಿ ಪರರ ಕಾಫಿ ಬಾಡಿಗೆಗೆ ಹೊಡೆಯುವುದು ಬೇರೆ. ಎರಡನೆಯದರಲ್ಲಿ ಅಪಘಾತವಾದರೆ ವಿಮೆಯವರು ಮೊದಲು ಹಿಡಿಯುವುದು ಅದನ್ನೇ. ಬಾಡಿಗೆ ಉದ್ದೇಶವಿದ್ದರೆ ಸರಕು ಗಾಡಿಯನ್ನೇ ಕೊಳ್ಳಿ.

ಕೆಸರಿನ ಏರಿಗೆ ಬಂದರೆ, ಲೋಡು ಇದ್ದಾಗ ಇದು ಮುಂದಿನ ಚಕ್ರದ ಎರ್ಟಿಗಾಗಿಂತ ಚೆನ್ನಾಗಿ ಹತ್ತುತ್ತದೆ, ಏಕೆಂದರೆ ಏರಿನಲ್ಲಿ ಭಾರ ಹಿಂದಕ್ಕೆ ಸರಿದು ಎಳೆಯುವ ಚಕ್ರದ ಮೇಲೇ ಕೂರುತ್ತದೆ. ಖಾಲಿ ಇದ್ದಾಗ ಉಲ್ಟಾ: ಹಿಂಭಾಗ ಹಗುರ, ಬಾಲ ಅಲ್ಲಾಡಿಸುತ್ತದೆ. ಮಳೆಗಾಲದಲ್ಲಿ ಖಾಲಿ ಹೋಗುವಾಗ ಆಕ್ಸಲ್ ಮೇಲೆ ಎರಡು ಚೀಲ ಮರಳು ಕಟ್ಟಿಕೊಂಡು ಹೋಗುವುದು ಹಳೇ ಉಪಾಯ, ಈಗಲೂ ಒಳ್ಳೆಯದೇ. ಚಕ್ರ ನಿಂತಲ್ಲೇ ಸುತ್ತಲು ಶುರುವಾದರೆ ಎಕ್ಸಿಲರೇಟರ್ ಒತ್ತಬೇಡಿ, ಬಿಡಿ. ಎರಡನೇ ಗೇರಿನಲ್ಲಿ ಹೊರಡಿಸಿ ನೋಡಿ.

ಡೀಸೆಲ್‌ಗೆ 188 ನ್ಯೂಟನ್ ಮೀಟರ್ ಎಳೆತ ನಿಮಿಷಕ್ಕೆ 1,750 ಸುತ್ತಿಗೇ ಬರುತ್ತದೆ. ಪೆಟ್ರೋಲ್‌ಗೆ 131, ಅದೂ 4,400 ಸುತ್ತಿನಲ್ಲಿ. ಜೊತೆಗೆ ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸುಮಾರು ಶೇ 10ರಷ್ಟು ತೆಳುವಾಗುವುದರಿಂದ ಟರ್ಬೊ ಇಲ್ಲದ ಪೆಟ್ರೋಲ್ ಇನ್ನಷ್ಟು ಸೊರಗುತ್ತದೆ. ಮುಳ್ಳಯ್ಯನಗಿರಿ ದಾರಿಯಲ್ಲಿ ಏಳು ಜನ ತುಂಬಿದ ಪೆಟ್ರೋಲ್ ಎಂಜಾಯ್ ಒಂದನೇ ಗೇರಿನಲ್ಲೇ ಅರಚುವುದು ಅದಕ್ಕೆ.

ಪ್ರಶ್ನೆ: ಶಿರಾಡಿ ಘಾಟಿ ಇಳಿದ ಮೇಲೆ ಬ್ರೇಕ್ ಪೆಡಲ್ ಮೆತ್ತಗಾಗಿ ತಳಕ್ಕೆ ಹೋಗುತ್ತದೆ, ಅರ್ಧ ಗಂಟೆ ನಿಲ್ಲಿಸಿದರೆ ಸರಿಹೋಗುತ್ತದೆ. ಪ್ಯಾಡ್ ಹೊಸದು.
— ಓದುಗರು, ಸಕಲೇಶಪುರ

ಉತ್ತರ: ಪ್ಯಾಡ್ ತಪ್ಪಲ್ಲ, ಬ್ರೇಕ್ ಆಯಿಲ್ ಕುದಿಯುತ್ತಿದೆ. ಒಂದೂಮುಕ್ಕಾಲು ಟನ್ ಗಾಡಿ ಸಕಲೇಶಪುರದಿಂದ ಗುಂಡ್ಯಕ್ಕೆ ಸುಮಾರು 800 ಮೀಟರ್ ಇಳಿಯುವಾಗ ಹುಟ್ಟುವ ಶಾಖ ನಲವತ್ತು ಲೀಟರ್ ತಣ್ಣೀರನ್ನು ಕುದಿಸಬಲ್ಲದು. ಒಂದು ಸ್ನಾನದ ಹಂಡೆ! ಬರೀ ಪೆಡಲಿನ ಮೇಲೆ ಇಳಿದರೆ ಅದರ ಬಹುಪಾಲು ಎರಡು ಡಿಸ್ಕ್, ಎರಡು ಡ್ರಮ್ಮಿಗೇ ಹೋಗಬೇಕು.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯದು ಹೊಸದಿದ್ದಾಗ 230 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಕುಡಿದ ಮೇಲೆ 155 ಡಿಗ್ರಿಗೇ ಕುದಿಯಬಹುದು. ಡಾಟ್ 3 ಆದರೆ 205 ಮತ್ತು 140. ಕುದ್ದಾಗ ಗುಳ್ಳೆ ಏಳುತ್ತವೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ಆರಿದ ಮೇಲೆ ಗುಳ್ಳೆ ಕರಗಿ ಸರಿಯಾದಂತೆ ಕಾಣುತ್ತದೆ, ಹಾಗಾಗಿ ಗ್ಯಾರೇಜಿನಲ್ಲಿ ಯಾರಿಗೂ ದೋಷ ಸಿಗುವುದಿಲ್ಲ. ಮಲೆನಾಡಿನ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಲೇಬೇಕು. ಸೀಲ್ ಒಡೆಯದ ಹೊಸ ಡಾಟ್ 4 ಒಂದು ಲೀಟರ್ ತನ್ನಿ. ಅರ್ಧ ಉಳಿದ ಹಳೇ ಡಬ್ಬಿ ಬೇಡ. ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ ಶುರುಮಾಡಿ ಹತ್ತಿರದ್ದಕ್ಕೆ ಬನ್ನಿ, ನಿಪ್ಪಲ್‌ನಿಂದ ಹೊಸ ಬಣ್ಣದ ಆಯಿಲ್ ಗುಳ್ಳೆಯಿಲ್ಲದೆ ಬರುವ ತನಕ ಬಿಡಿ. ಮೇಲಿನ ಡಬ್ಬಿ ಖಾಲಿಯಾಗಲು ಬಿಡಬೇಡಿ. ಬಣ್ಣದ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ, ಪೇಂಟ್ ಕಿತ್ತುಬರುತ್ತದೆ. ಜೊತೆಗೇ ಡ್ರಮ್ ಬಿಚ್ಚಿ ಧೂಳು ಒರೆಸಿ, ಶೂ ಅಂತರ ಹೊಂದಿಸಿ. ಹಿಂದಿನದು ಹಿಡಿಯದಿದ್ದರೆ ಪೂರ್ತಿ ಭಾರ ಮುಂದಿನ ಡಿಸ್ಕಿಗೆ ಬೀಳುತ್ತದೆ.

ಇಳಿಯುವಾಗ, ಅದೇ ದಾರಿ ಹತ್ತಲು ಯಾವ ಗೇರು ಬೇಕೋ ಅದೇ ಗೇರು. ಬ್ರೇಕನ್ನು ಗಟ್ಟಿಯಾಗಿ ಒತ್ತಿ ಬಿಡಿ, ಕಾಲು ಇಟ್ಟುಕೊಂಡೇ ಹೋಗಬೇಡಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕುವವರಿಗೆ ಒಂದು ಮಾತು: ಗೇರಿನಲ್ಲಿ ಎಕ್ಸಿಲರೇಟರ್ ಬಿಟ್ಟು ಇಳಿಯುವಾಗ ಕಾಮನ್ ರೈಲ್ ಎಂಜಿನ್ (ಒಂದೇ ಒತ್ತಡದ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಇಂಧನ ಕೊಡುವಂಥದು) ಡೀಸೆಲ್ ಸುರಿಯುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಮಾತ್ರ ಐಡ್ಲಿಂಗ್‌ಗೆ ಕುಡಿಯುತ್ತದೆ. ಎಂಜಿನ್ ಆಫ್ ಮಾಡಿದರಂತೂ ಎರಡು ಮೂರು ಒತ್ತಿಗೆ ಬ್ರೇಕ್ ಬೂಸ್ಟರ್ ಖಾಲಿ, ಹೈಡ್ರಾಲಿಕ್ ಸ್ಟೀರಿಂಗೂ ಕಲ್ಲು.

ಪ್ರಶ್ನೆ: 60–70 ಕಿ.ಮೀ. ವೇಗದಲ್ಲಿ ಗಾಡಿ ಗಡಗಡ ನಡುಗುತ್ತದೆ. ಎರಡು ಸಲ ವೀಲ್ ಬ್ಯಾಲೆನ್ಸಿಂಗ್ ಆಯಿತು.
— ಓದುಗರು, ಕಡೂರು

ಉತ್ತರ: ಕಾರು ಮಾತ್ರ ನೋಡಿದ ಗ್ಯಾರೇಜುಗಳು ಪ್ರೊಪೆಲ್ಲರ್ ಶಾಫ್ಟನ್ನು ಮರೆಯುವುದು ಉಂಟು. ನಡುಕ ಸ್ಟೀರಿಂಗ್‌ನಲ್ಲಿದ್ದರೆ ಮುಂದಿನ ಚಕ್ರ, ಸೀಟು ಮತ್ತು ನೆಲದಲ್ಲಿದ್ದರೆ ಹಿಂದಿನದು. ನಡುಗುವ ವೇಗದಲ್ಲೇ ಕ್ಲಚ್ ಒತ್ತಿ ನೋಡಿ: ನಿಂತರೆ ಎಂಜಿನ್ ಕಡೆ, ಹಾಗೇ ಇದ್ದರೆ ಶಾಫ್ಟ್ ಅಥವಾ ಟೈರು.

ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ನಾಲ್ಕೂ ಕಡೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಕೆಳಗೆ ಮಲಗಿ ಶಾಫ್ಟನ್ನು ಕೈಯಿಂದ ತಿರುಚಿ, ಮೇಲೆ ಕೆಳಗೆ ಅಲ್ಲಾಡಿಸಿ. ಶಾಫ್ಟಿನ ತುದಿಯ ಕೀಲಾದ ಜಾಯಿಂಟ್ ಕ್ರಾಸ್‌ನಲ್ಲಿ ಕೂದಲೆಳೆ ಆಟ ಇದ್ದರೂ ಅದು ಹೋಗಿದೆ. ಬಟ್ಟಲಿನ ಸುತ್ತ ಕಂದು ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲ, ಸೂಜಿ ಬೇರಿಂಗ್ ತುಕ್ಕು ಹಿಡಿದಿದೆ. ಮೊದಲ ಸೂಚನೆ ಬೇರೆ ಇರುತ್ತದೆ: ರಿವರ್ಸ್‌ನಿಂದ ಒಂದನೇ ಗೇರಿಗೆ ಬಂದು ಹೊರಡುವಾಗ ಕೆಳಗೆ ‘ಟಕ್’ ಎನ್ನುತ್ತದೆ, ನಿಧಾನ ಹೋಗುವಾಗ ಹಕ್ಕಿಯಂತೆ ಕಿಚಿಗುಟ್ಟುತ್ತದೆ.

ಬಿಚ್ಚುವ ಮೊದಲು ಶಾಫ್ಟ್ ಬೋಲ್ಟಾಗುವ ಫ್ಲಾಂಜ್ ಎರಡೂ ಕಡೆ ಬಿಳಿ ಪೇಂಟಿನಲ್ಲಿ ಗೆರೆ ಎಳೆಯಿರಿ, ಜೋಡಿಸುವಾಗ ಗೆರೆಗೆ ಗೆರೆ ಸೇರಿಸಿ. ಇದನ್ನು ಮಾಡದೆ ಅರ್ಧ ಸುತ್ತು ತಿರುಗಿಸಿ ಕೂರಿಸಿದ ಶಾಫ್ಟ್ ಹೊಸ ಕ್ರಾಸ್ ಹಾಕಿದರೂ ನಡುಗುತ್ತದೆ. ನಿಮ್ಮ ಗಾಡಿಯಲ್ಲಿ ಈಗಾಗಲೇ ಯಾರಾದರೂ ಕ್ಲಚ್ ಇಳಿಸಿದ್ದರೆ ಇದೇ ಆಗಿರುವ ಸಾಧ್ಯತೆ ಹೆಚ್ಚು, ಫ್ಲಾಂಜ್ 180 ಡಿಗ್ರಿ ತಿರುಗಿಸಿ ಒಮ್ಮೆ ಓಡಿಸಿ ನೋಡಿ, ಖರ್ಚಿಲ್ಲ.

ಅಲ್ಲೇ ಇರುವಾಗ ಹಿಂದಿನ ಆಕ್ಸಲ್ ನಡುವಿನ ಕ್ರೌನ್ ಗೇರಿನ ಆಯಿಲ್ ಕೂಡ ನೋಡಿ. ತುಂಬುವ ಬೋಲ್ಟ್ ಮೊದಲು ಬಿಚ್ಚಿ, ಆಮೇಲೆ ಕೆಳಗಿನದು. ಮೇಲಿನದು ತುಕ್ಕು ಹಿಡಿದು ಬಿಚ್ಚದಿದ್ದರೆ ಖಾಲಿ ಮಾಡಿ ಕೂತುಕೊಳ್ಳಬೇಕಾದೀತು. ಕ್ರೌನ್‌ಗೆ ಜಿಎಲ್-5 ದರ್ಜೆಯ ಗೇರ್ ಆಯಿಲ್. ಗೇರ್ ಬಾಕ್ಸಿಗೆ ಅದೇ ಸುರಿಯಬೇಡಿ, ಅಲ್ಲಿ ಹಿತ್ತಾಳೆಯ ಸಿಂಕ್ರೊ ರಿಂಗ್ ಇರುತ್ತವೆ, ಜಿಎಲ್-4 ಹಾಕಿ. ಆಯಿಲ್ ಹಾಲು ಬೆರೆಸಿದಂತಿದ್ದರೆ ನೀರು ಹೋಗಿದೆ: ಬಿಸಿ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ಉಸಿರು ರಂಧ್ರದಿಂದ ನೀರೆಳೆಯುತ್ತದೆ.

ಪ್ರಶ್ನೆ: ಇದರ ಬದಲು ಈಕೋ ಒಳ್ಳೆಯದಲ್ಲವೇ? ಒಮ್ನಿಗೂ ಈ ಚೀನೀ ವ್ಯಾನಿಗೂ ಸಂಬಂಧವಿದೆಯೇ?
— ಓದುಗರು, ಬೇಲೂರು

ಉತ್ತರ: ಬಿಡಿಭಾಗ, ಮಾರಿದಾಗಿನ ಬೆಲೆ ನೋಡಿದರೆ ಈಕೋ. ಕೂರುವ ಸುಖ, ಘಾಟಿಯ ಎಳೆತ ನೋಡಿದರೆ ಡೀಸೆಲ್ ಎಂಜಾಯ್. ಈಕೋದಲ್ಲಿ ಎಂಜಿನ್ ಮುಂದಿನ ಸೀಟಿನಡಿ ಇದೆ, ಎಂಜಾಯ್‌ನಲ್ಲಿ ಬಾನೆಟ್ ಕೆಳಗೆ. ಸೀಟು ಬಿಸಿಯಾಗುವುದಿಲ್ಲ, ಆದರೆ ಮೂಗು ಉದ್ದ. ಒಮ್ನಿಗೂ ಎಂಜಾಯ್‌ಗೂ ರಕ್ತಸಂಬಂಧವಿಲ್ಲ. ಒಮ್ನಿ ಸುಜುಕಿ ಕ್ಯಾರಿ ವಂಶದ್ದು. ತಮಾಷೆಯೆಂದರೆ ಕೊರಿಯಾದ ಡೇವೂ ಡಮಾಸ್ ವ್ಯಾನ್ ಕೂಡ ಅದೇ ಕ್ಯಾರಿ ವಂಶದಲ್ಲಿ ಹುಟ್ಟಿ, ಉಜ್ಬೆಕಿಸ್ತಾನದಲ್ಲಿ ಷೆವರ್ಲೆ ಹೆಸರಿನಲ್ಲಿ ಮಾರಾಟವಾಯಿತು. ಒಮ್ನಿಯ ನೆಂಟನ ಮೂತಿಗೂ ಷೆವರ್ಲೆ ಚಿಹ್ನೆ ಬಿದ್ದದ್ದು ಹೀಗೆ.

ಪ್ರಶ್ನೆ: ಡಿಸೆಂಬರ್ ಚಳಿಯಲ್ಲಿ ಡೀಸೆಲ್ ಎಂಜಾಯ್ ಹತ್ತು ಸೆಕೆಂಡು ತಿರುಗಿಸಿದರೂ ಹಿಡಿಯುವುದಿಲ್ಲ. ಹಿಡಿದ ಮೇಲೆ ಬಿಳಿ ಹೊಗೆ. ಗ್ಲೋ ಪ್ಲಗ್ ನಾಲ್ಕೂ ಬದಲಿಸಬೇಕೇ?
— ಓದುಗರು, ಕೊಪ್ಪ

ಉತ್ತರ: ಗ್ಲೋ ಪ್ಲಗ್ ಎಂದರೆ ತಣ್ಣಗಿರುವ ಸಿಲಿಂಡರನ್ನು ಬೆಚ್ಚಗಾಗಿಸುವ ಪ್ಲಗ್. ಬದಲಿಸುವ ಮೊದಲು ಪರೀಕ್ಷಿಸಿ. ಪ್ಲಗ್‌ನ ವೈರ್ ಕಳಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಪ್ಲಗ್‌ನ ತುದಿಗೆ ಹಿಡಿಯಿರಿ. ಉರಿದರೆ ಸುರುಳಿ ಸರಿಯಿದೆ, ಉರಿಯದಿದ್ದರೆ ಸುಟ್ಟಿದೆ. ಬಿಚ್ಚುವುದಾದರೆ ಎಂಜಿನ್ ಬಿಸಿಯಿದ್ದಾಗ, ಹಿಂದಿನ ರಾತ್ರಿಯೇ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ, ಸ್ವಲ್ಪ ಸಡಿಲಿಸಿ, ಮತ್ತೆ ಸ್ವಲ್ಪ ಬಿಗಿದು, ಹಾಗೆ ಹಾಗೆ ಬಿಚ್ಚಿ. ಜೋರು ಮಾಡಿದರೆ ಹೆಡ್ಡಿನೊಳಗೇ ಮುರಿಯುತ್ತದೆ, ಆಗ ಹೆಡ್ ಇಳಿಸಬೇಕು.

ಆದರೆ ಕೊಪ್ಪದ ಚಳಿ ಹಿಮಾಲಯದ್ದಲ್ಲ. ನಮ್ಮ ಚಳಿಗೆ ಒಂದೆರಡು ಪ್ಲಗ್ ಹೋದರೆ ಹೊಗೆ ಬಂದೀತು, ಹತ್ತು ಸೆಕೆಂಡು ಕಾಯಿಸುವುದಿಲ್ಲ. ಬೇರೆ ಕಾರಣ ಹುಡುಕಿ. ಮೊದಲು ಬ್ಯಾಟರಿ: ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಹೋಗಬಾರದು. ಎರಡನೆಯದು ಡೀಸೆಲ್ ಫಿಲ್ಟರ್: ಕೆಳಗಿನ ತಿರುಪು ಬಿಟ್ಟು ಗಾಜಿನ ಲೋಟಕ್ಕೆ ಹಿಡಿಯಿರಿ, ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತೋಟದ ಬ್ಯಾರೆಲ್‌ನಲ್ಲಿಟ್ಟ ಡೀಸೆಲ್ ಹಾಕುವವರಿಗೆ ಇದು ಗ್ಯಾರಂಟಿ. ಅರ್ಧ ಖಾಲಿ ಬ್ಯಾರೆಲ್ ರಾತ್ರಿ ಬೆವರುತ್ತದೆ.

ಮೂರನೆಯದು ಇಂಜೆಕ್ಟರ್. ಕಾಮನ್ ರೈಲಿನಲ್ಲಿ ನಿಗದಿತ ಒತ್ತಡ ಬರುವ ತನಕ ಇಸಿಎಂ ಇಂಜೆಕ್ಟರ್ ತೆರೆಯುವುದೇ ಇಲ್ಲ. ಸವೆದ ಇಂಜೆಕ್ಟರ್ ಒತ್ತಡವನ್ನು ವಾಪಸು ಪೈಪಿಗೆ ಸೋರಿಸುತ್ತದೆ, ನೀವು ಸೆಲ್ಫ್ ಹೊಡೆಯುತ್ತಲೇ ಇರಬೇಕು. ನಾಲ್ಕು ವಾಪಸು ಪೈಪು ಕಳಚಿ, ನಾಲ್ಕು ಒಂದೇ ಅಳತೆಯ ಬಾಟಲಿಗೆ ಹಾಕಿ, ಎಂಜಿನ್ ಐದು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಮೂರು ಬಾಟಲಿ ಹೆಚ್ಚುಕಡಿಮೆ ಸಮವಾಗಿದ್ದು ಒಂದು ಎರಡರಷ್ಟು ತುಂಬಿದ್ದರೆ, ಕಳ್ಳ ಅದೇ. ಹೆಚ್ಚಿನ ಒತ್ತಡದ ಉಕ್ಕಿನ ಪೈಪುಗಳನ್ನು ಮಾತ್ರ ಎಂಜಿನ್ ಓಡುವಾಗ ಎಂದೂ ಸಡಿಲಿಸಬೇಡಿ, ಆ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ.

ಬಿಳಿ ಹೊಗೆಯನ್ನು ಮೂಸಿ ನೋಡಿ. ಕಣ್ಣು ಉರಿದು ಡೀಸೆಲ್ ನಾತ ಬಂದರೆ ಮೇಲೆ ಹೇಳಿದ್ದೇ. ಸಿಹಿ ವಾಸನೆ ಬಂದು, ಬಿಸಿಯಾದ ಮೇಲೂ ನಿಲ್ಲದೆ, ಕೂಲಂಟ್ ದಿನಾ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್. ಅಂಥ ಗಾಡಿಯನ್ನು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಎಳೆಸಿಕೊಂಡು ಹೋಗಿ.